ಆ ನಗು ಅಲ್ಲಿಯದಲ್ಲ

ಮಿರಿಸ್ಸ, ಶ್ರೀಲಂಕಾ
9 ಜನವರಿ 2025

ಪ್ರೀತಿಯ ಅಕ್ಕ,

ಜ್ವರದಲ್ಲಿ ನಿನ್ನ ಕಿವಿ ಹೋದಾಗಿನಿಂದ ಫೋನಿನಲ್ಲಿ ಮಾತಿಲ್ಲ. ಮೆಸೇಜಿನಲ್ಲಿ ತುಂಡು ತುಂಡಾಗಿ ಬರೆದರೆ ಬೈಯುತ್ತೀಯ. ಅದಕ್ಕೇ ಕಾಲೇಜಿನ ದಿನಗಳ ಹಾಗೆ ಪತ್ರವನ್ನೇ ಬರೆದು ಮೇಲ್‌ನಲ್ಲಿ ಕಳಿಸುತ್ತಿದ್ದೇನೆ.

ಸಮುದ್ರ ಚೆನ್ನಾಗಿದೆ. ತೆಂಗಿನ ತುರಿಗೆ ಕೆಂಪು ಮೆಣಸಿನಕಾಯಿ ಹಾಕಿ ಕಲಸಿ ಎಲ್ಲದರ ಜೊತೆಗೂ ಕೊಡುತ್ತಾರೆ. ಅಮ್ಮ ತಿಂದರೆ ಇಷ್ಟಪಟ್ಟಾಳು. ಮದುವೆಯಾದ ಮೇಲೆ ನಾವಿಬ್ಬರೇ ದೂರ ಬಂದದ್ದು ಇದೇ ಮೊದಲು. ಖುಷಿಯಾಗಿಯೇ ಇದ್ದೇನೆ ಎಂದು ಮೊದಲು ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು.

ನಿನಗೆ ಗೊತ್ತಲ್ಲ, ಇವರಿಗೆ ಹೊಸದಾಗಿ ಡ್ರೋನಿನ ಹುಚ್ಚು. ದಸರಾ ಹೊತ್ತಿಗೆ ತಗೊಂಡರು. ಫ್ಯಾಕ್ಟರಿ ಕ್ವಾರ್ಟರ್ಸಿನ ಮೈದಾನದಲ್ಲಿ ಹಾರಿಸಿ, ಸಾಕಾಗಿ, ಇಲ್ಲಿಗೂ ಹೊತ್ತು ತಂದಿದ್ದಾರೆ. ಈ ದೇಶಕ್ಕೆ ತರುವ ಮೊದಲು ಅನುಮತಿ ತಗೋಬೇಕಂತೆ, ಬಂದ ಮೇಲೆ ತೋರಿಸಬೇಕಂತೆ. ಅದನ್ನು ನಾನೇ ಓದಿ ಹೇಳಿದೆ. "ಅದೆಲ್ಲ ಸಿನಿಮಾದೋರಿಗೆ. ಇದು ಆಟದ ಸಾಮಾನು" ಅಂದರು. ಹೊರಡುವ ದಿನ ನೋಡಿದರೆ ಅದು ನನ್ನ ಸೂಟ್‌ಕೇಸಿನ ತಳದಲ್ಲಿದೆ. ಮೇಲೆ ನನ್ನ ಒಳಬಟ್ಟೆಗಳನ್ನು ಒಪ್ಪವಾಗಿ ಹರಡಿದ್ದಾರೆ. "ಅದರ ಮ್ಯಾಲೆ ಯಾವ ಆಫೀಸರೂ ಕೈ ಹಾಕಲ್ಲ ಬಿಡು" ಅಂದು ನಕ್ಕರು. ಯಾರೂ ಕೈ ಹಾಕಲಿಲ್ಲ. ಆದರೆ ರೂಮಿಗೆ ಬಂದು ಆ ಬಟ್ಟೆಗಳನ್ನೆಲ್ಲ ಇನ್ನೊಂದು ಸಲ ಒಗೆದು ಹಾಕಿದೆ. ಯಾಕೆ ಅಂತ ಕೇಳಬೇಡ.

ನಿನ್ನೆ ಬೀಚಿನಲ್ಲಿ ಮಲಗಿದ್ದವರ ಮೇಲೆ ಅದನ್ನು ಸುತ್ತಾಡಿಸಿದರು. ಒಬ್ಬ ಬಿಳಿಯ ಎದ್ದು ನಿಂತು ಟವೆಲ್ ಬೀಸಿ ಬೈದ. ಇವರು ಇಳಿಸಿ, ಬೀಚಿನ ಆ ತುದಿಗೆ ಹೋಗಿ ಮತ್ತೆ ಏರಿಸಿದರು. ನನಗೆ ನಾಚಿಕೆಯಾಗಿ ದೂರ ಕೂತೆ. ಅಷ್ಟರಲ್ಲಿ ಅಲೆ ಬಂದು ಇವರ ಚಪ್ಪಲಿ ಎಳೆದುಕೊಂಡು ಹೋಯಿತು, ಹಿಡಿಯಲು ಓಡಿ ಕುಂಡಿ ಊರಿ ಬಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ನಗುವುದನ್ನೇ ಇವರು ಫೋನಿನಲ್ಲಿ ಹಿಡಿದು ಮನೆಯವರಿಗೆಲ್ಲ ಕಳಿಸಿದ್ದಾರೆ. ನೋಡಿರುತ್ತೀಯ.

ನಾಳೆ ಬೆಟ್ಟದ ಕಡೆ, ಚಹಾ ತೋಟಗಳಿಗೆ.

ನಿನ್ನ
ಭಾರ್ಗವಿ


ಆಂಡರ್ಸನ್‌ಪೇಟೆ
10 ಜನವರಿ 2025

ಚಿ. ಸೌ. ಭಾರ್ಗವಿಗೆ ಅಕ್ಕನ ಆಶೀರ್ವಾದ.

ಅಪ್ಪ ಬರೆಯುತ್ತಿದ್ದ ಹಾಗೆ ಶುರು ಮಾಡಿದ್ದೇನೆ, ನಗು. ನೀನು ನಗುವ ವಿಡಿಯೊ ನೋಡಿದೆ. ನನಗೆ ಕೇಳದಿದ್ದರೇನು, ನೀನು ನಗುವಾಗ ಭುಜ ಕುಣಿಯುವುದು ಕಾಣುತ್ತದೆ. ಅಮ್ಮ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು.

ಬಟ್ಟೆಯ ವಿಷಯ ಓದಿದೆ. ನೀನು ಚಿಕ್ಕಂದಿನಿಂದಲೂ ಹಾಗೆಯೇ, ಯಾರಾದರೂ ನಿನ್ನ ಲೋಟ ಮುಟ್ಟಿದರೆ ತೊಳೆಯಬೇಕು. ಗಂಡಸರಿಗೆ ಏನಾದರೊಂದು ಹುಚ್ಚು ಇರುತ್ತದೆ. ಕುಡಿತ, ಇಸ್ಪೀಟು ಇಲ್ಲ, ಗಾಳಿಪಟದ ಹಾಗೆ ಒಂದು ಆಟಿಕೆ ಹಾರಿಸುತ್ತಾನೆ. ಅದಕ್ಕೆ ಮುಖ ಸಿಂಡರಿಸಿಕೊಂಡು ಕೂತರೆ ಹೇಗೆ? ಎಲ್ಲೋ ದಾವಣಗೆರೆ ಕಡೆಯಿಂದ ಬಂದು ನಮ್ಮ ಊರಿಗೆ, ನಮ್ಮ ಮನೆಗೆ ಹೊಂದಿಕೊಂಡ ಹುಡುಗ. ಸ್ವಲ್ಪ ಸಹಿಸು.

ಬಂಗಾರಪೇಟೆಯ ಮೊಬೈಲ್ ಅಂಗಡಿಗೆ ನಿನ್ನ ಭಾವ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದ್ದಾರೆ. ರೂಪೇಶ್ ಕಳಿಸುವ ಸಮುದ್ರದ ವಿಡಿಯೊಗಳನ್ನೆಲ್ಲ ಅದರಲ್ಲಿ ಓಡಿಸುತ್ತಾರಂತೆ. ಬೂದಿಕೋಟೆ ಬಸ್ಸಿಗೆ ಕಾಯುವವರೆಲ್ಲ ಅಲ್ಲೇ ನಿಂತು ನೋಡುತ್ತಾರಂತೆ. ನಿನ್ನ ಗಂಡ ಇಲ್ಲಿ ಹೆಸರುವಾಸಿ.

ನನ್ನ ಹೊಲಿಗೆ ಅಂಗಡಿಯಲ್ಲಿ ಹಬ್ಬದ ರವಿಕೆಗಳ ರಾಶಿ. ಚಳಿಗಾಳಿಗೆ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ರಾಬರ್ಟ್‌ಸನ್‌ಪೇಟೆಯ ತನಕ ಬರುತ್ತಿದೆ, ಬಿಳಿ ಬಟ್ಟೆ ಬಿಚ್ಚಿಡುವ ಹಾಗಿಲ್ಲ.

ಚೆನ್ನಾಗಿ ತಿರುಗಾಡಿಕೊಂಡು ಬಾ.

ಅಕ್ಕ
ಸುಮಿತಾ


ಹಪುತಲೆ
13 ಜನವರಿ 2025

ಪ್ರೀತಿಯ ಅಕ್ಕ,

ನಾವು ಉಳಿದಿರುವುದು ಬ್ರಿಟಿಷರ ಕಾಲದ ಬಂಗಲೆಯಲ್ಲಿ. ಕೆಳಗೆಲ್ಲ ಚಹಾ ಗಿಡ. ಗಿಡಗಳ ನಡುವೆ ಕೂಲಿಯವರ ಮನೆಗಳು, ಒಂದೇ ಉದ್ದ ಸೂರು, ಒಂದು ಕೋಣೆಗೆ ಒಂದು ಬಾಗಿಲು. ನಮ್ಮ ಗಣಿಯ ಲೈನ್ ಮನೆಗಳನ್ನು ಯಾರೋ ಎತ್ತಿ ತಂದು ಇಲ್ಲಿ ಇಟ್ಟ ಹಾಗಿವೆ. ಇಲ್ಲಿಯವರೂ ಅದನ್ನು ಲೈನ್ ಅಂತಲೇ ಅನ್ನುತ್ತಾರೆ. ಮಾತು ತಮಿಳು. ನಮ್ಮ ಬೀದಿಯ ತಮಿಳಿಗಿಂತ ಸ್ವಲ್ಪ ಬೇರೆ, ಆದರೂ ಎಲ್ಲ ಅರ್ಥವಾಗುತ್ತದೆ. ರೂಪೇಶ್‌ಗೆ ಒಂದಕ್ಷರ ಬಾರದು.

ನಾಳೆ ಇಲ್ಲಿ ಪೊಂಗಲ್. ಲೈನ್ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದಾರೆ.

ಬೆಳಿಗ್ಗೆ ಏನೋ ಸ್ವಲ್ಪ ಗಲಾಟೆಯಾಯಿತು. ಬಿಡು, ಮುಗಿಯಿತು. ನಾಳೆ ಇಲ್ಲಿಂದ ಹೊರಡುತ್ತಿದ್ದೇವೆ, ಇನ್ನೂ ಇರಬೇಕಿತ್ತು.

ಬೆಳಗಿನಿಂದ ಏನೂ ಸೇರುತ್ತಿಲ್ಲ. ಅನ್ನ ನೋಡಿದರೆ ವಾಕರಿಕೆ. ಎರಡು ಸಲ ವಾಂತಿಯಾಯಿತು. ಸೋಪಿನ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಬರೆಯಲು ಆಗುತ್ತಿಲ್ಲ.

ಭಾರ್ಗವಿ


ಆಂಡರ್ಸನ್‌ಪೇಟೆ
14 ಜನವರಿ 2025, ಸಂಕ್ರಾಂತಿ

ನನ್ನ ಬಂಗಾರ,

ಓದಿದವಳೇ ಅಡಿಗೆಮನೆಗೆ ಓಡಿದೆ. ಅಮ್ಮನಿಗೆ ಹೇಳಬಾರದು ಅಂದುಕೊಂಡೆ, ಆದರೆ ನನ್ನ ಮುಖ ನೋಡಿಯೇ ಕೇಳಿದಳು, ಹೇಳಿಬಿಟ್ಟೆ. ಅಮ್ಮ ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟು ಅತ್ತಳು.

ಸೋಪಿನ ವಾಸನೆ ಅಂದೆಯಲ್ಲ, ಅಲ್ಲಿಗೆ ನನಗೆ ಖಾತ್ರಿಯಾಯಿತು. ಪಕ್ಕದ ಬೀದಿಯ ಸೊಸೆಗೂ ಹೀಗೇ ಆಗಿತ್ತು. ಬೆಟ್ಟದ ದಾರಿಯಲ್ಲಿ ಕುಲುಕಾಟದ ವ್ಯಾನು ಬೇಡ. ಪರಂಗಿ ಹಣ್ಣು ಮುಟ್ಟಬೇಡ. ಬಂದ ಕೂಡಲೇ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ರೂಪೇಶ್‌ಗೆ ಹೇಳಿದೆಯಾ? ಅವನು ಏನಂದ?

ಎಷ್ಟು ದಿನ ಕಾದಿದ್ದೀಯ ಎಂದು ನನಗೆ ಗೊತ್ತು. ಇವತ್ತು ಹಬ್ಬ ಹಬ್ಬದ ಹಾಗಿದೆ.

ಅಕ್ಕ


ರಾಬರ್ಟ್‌ಸನ್‌ಪೇಟೆ, ಅಂಗಡಿಯಿಂದ
16 ಜನವರಿ 2025

ಭಾರ್ಗವಿ,

ನೀನು ಉತ್ತರ ಬರೆಯಲಿಲ್ಲ. ನಾಚಿಕೆಯಿಂದ ಅಂದುಕೊಂಡಿದ್ದೆ. ಈಗ ಯಾಕೆ ಅಂತ ಗೊತ್ತಾಯಿತು.

ಕನಕಮ್ಮ ಬಂದಿದ್ದರು. ಗಣಿಯ ಲೈನ್ ಮನೆಯ ಕನಕಮ್ಮ, ನಾನು ಹೊಲಿಗೆ ಕಲಿತಾಗ ಮೊದಲ ರವಿಕೆ ಕೊಟ್ಟವರು. ಉಳಿದ ಗಿರಾಕಿಗಳು ನನ್ನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಾರೆ. ಅವರಿಗೆ ಬರೆಯಲು ಬಾರದು. ಬಾಗಿಲಲ್ಲೇ ನಿಂತು ಸೆರಗನ್ನು ಎರಡು ಕೈಯಿಂದ ಎದೆಗೆ ಅವುಚಿಕೊಂಡರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದರು. ನಾನು ಸೂರಿನಲ್ಲಿ ಹಾವು ಇದೆಯೇನೋ ಅಂದುಕೊಂಡೆ.

ಒಳಗೆ ಕೂರಿಸಿ, ತುಟಿ ನೋಡುತ್ತಾ ಬಿಡಿಸಿ ಬಿಡಿಸಿ ಕೇಳಿದೆ. "ಬಂಗಾರಪೇಟ್ನಾಗೆ ಒಂದು ಅಂಗ್ಡೀಲಿ ಟಿವೀನಾಗೆ ಆಕವ್ರಮ್ಮ. ಎಂಗಸ್ರು ನೀರು ಉಯ್ಕೊಳ್ಳೋದು. ಮ್ಯಾಲಿಂದ ತೆಗ್ದವ್ರೆ. ಗಂಡಸ್ರು ನಿಂತ್ಕಂಡು ನೋಡ್ತವ್ರೆ. ನಿನ್ ತಂಗಿ ಗಂಡ ಕಳ್ಸಿದ್ದಂತೆ" ಅಂದರು. ಆಮೇಲೆ ನನ್ನ ಕೈ ಹಿಡಿದು, "ನಿನ್ ತಂಗಿ ನಗ್ತಾಳೆ ಅದ್ರಾಗೆ" ಅಂದರು.

ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಹೇಳಿಸಿದೆ. ಅದನ್ನೇ ಹೇಳಿದರು. ಆಮೇಲೆ ಇನ್ನೊಬ್ಬರನ್ನೂ ಕೇಳಿದೆ. ಹೌದು, ಭಾರ್ಗವಿಯ ನಗುವೇ ಅಂದರು.

ಆ ವಿಡಿಯೊವನ್ನು ಫೋನಿಗೆ ತರಿಸಿಕೊಂಡು ನಾನೂ ನೋಡಿದೆ. ಕಲ್ಲುಬಂಡೆಯಿಂದ ಬೀಳುವ ನೀರಿನ ಕೆಳಗೆ ಲಂಗವನ್ನು ಎದೆಗೆ ಕಟ್ಟಿಕೊಂಡ ಹೆಂಗಸರು. ಒಬ್ಬಳ ಮುಖದ ತುಂಬ ಸೋಪು. ಅವಳು ಓಡುತ್ತಾಳೆ, ಬಟ್ಟೆ ಜಾರುತ್ತದೆ, ಕ್ಯಾಮೆರಾ ಇನ್ನೂ ಕೆಳಗಿಳಿಯುತ್ತದೆ. ಮುಂದಿನದನ್ನು ನಾನು ಬರೆಯುವುದಿಲ್ಲ. ನನಗೆ ಕಾಣಿಸಿದ್ದು ಅಷ್ಟೆ, ಸದ್ದಿಲ್ಲದೆ. ಕಿವಿ ಹೋದದ್ದಕ್ಕೆ ಇವತ್ತು ಮೊದಲ ಸಲ ಬೇಸರವಾಗಲಿಲ್ಲ.

ಅದನ್ನು ನೋಡಿ ನಗಲು ನಿನಗೆ ಹೇಗೆ ಬಾಯಿ ಬಂತು? ನಮ್ಮ ತಾಯಿ ಎಲ್ಲಿ ಸ್ನಾನ ಮಾಡುತ್ತಿದ್ದಳು, ನಾವಿಬ್ಬರೂ ಎಲ್ಲಿ ಮಾಡುತ್ತಿದ್ದೆವು, ಮರೆತೆಯಾ?

ಇನ್ನೇನೂ ಬರೆಯಲು ಮನಸ್ಸಿಲ್ಲ. ನಿನ್ನ ಹೊಟ್ಟೆಯಲ್ಲಿರುವುದರ ಬಗ್ಗೆ ಬೆಳಗಿನಿಂದ ನನಗೆ ಸಂತೋಷವನ್ನೂ ಪಡಲಾಗುತ್ತಿಲ್ಲ.

ಸುಮಿತಾ


ಎಲ್ಲ ಎಂಬ ಊರು, ಶ್ರೀಲಂಕಾ
17 ಜನವರಿ 2025

ಅಕ್ಕ,

ಮೊದಲು ಇದನ್ನು ಹೇಳುತ್ತೇನೆ: ನಾನು ಬಸುರಿಯಲ್ಲ. ಅದು ಹೇಸಿಗೆಯ ವಾಂತಿ. ಅಮ್ಮನಿಗೆ ನೀನೇ ಹೇಳು.

ಹದಿಮೂರರ ಬೆಳಿಗ್ಗೆ ಏನಾಯಿತು ಎಂದು ಅವತ್ತೇ ಬರೆಯಬೇಕಿತ್ತು. ಕೈ ಬರಲಿಲ್ಲ. ನೀನು ಖುಷಿಯಿಂದ ಬರೆದ ಪತ್ರ ಓದಿದ ಮೇಲಂತೂ ಏನು ಬರೆಯಲಿ ಎಂದೇ ತಿಳಿಯಲಿಲ್ಲ.

ಮಂಜು ಕರಗಿದ ಕೂಡಲೇ ಬಂಗಲೆಯ ಅಂಗಳದಿಂದ ಅವರು ಡ್ರೋನ್ ಏರಿಸಿದರು. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. ಮೊದಲು ತೋಟ, ರೈಲು ಹಳಿ, ಲೈನ್ ಮನೆಗಳು. ಚೆನ್ನಾಗಿದೆ ಅಂತ ನಾನೂ ಅಂದೆ. ಆಮೇಲೆ ಕೈಯಲ್ಲಿದ್ದ ಪರದೆಯನ್ನು ನನ್ನ ಕಡೆಯಿಂದ ಸ್ವಲ್ಪ ತಿರುಗಿಸಿಕೊಂಡರು. ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ಹೆಂಗಸರ ಕೂಗು, ತಮಿಳಿನಲ್ಲಿ. "ಮೇಲೆ ನೋಡ್ರೇ, ಮೇಲೆ ನೋಡ್ರೇ, ಬಟ್ಟೆ ಹೊದ್ಕೊಳ್ರೇ" ಎಂದು ಒಬ್ಬಳು. "ನಿಮ್ಮ ಮನೇಲಿ ಅಕ್ಕತಂಗೀರು ಇಲ್ವೇನೋ" ಎಂದು ಇನ್ನೊಬ್ಬಳು.

"ಏನಂತಾರ?" ಎಂದು ಕೇಳಿದರು.

"ಇಳಿಸಿ" ಎಂದೆ.

"ಏನಂತಾರ ಹೇಳು ಮೊದಲು."

ಪರದೆಗೆ ಬಗ್ಗಿ ನೋಡಿದೆ. ನೀನು ನೋಡಿದ್ದನ್ನೇ ನೋಡಿದೆ. ಅವಳು ಕಣ್ಣಿಗೆ ಸೋಪು ಹೋಗಿ ದಾರಿ ಕಾಣದೆ ಓಡಿ, ಕಲ್ಲಿನಿಂದ ಕೆಳಗೆ ಬಿದ್ದಳು. ನಾನು ಅವರ ಕೈ ಹಿಡಿದು ಎಳೆದೆ. ಆಮೇಲೆ ಇಳಿಸಿದರು.

ಸ್ವಲ್ಪ ಹೊತ್ತಿಗೆ ಲೈನಿನ ಹೆಂಗಸರು ಗೇಟಿನ ಹತ್ತಿರ ಬಂದರು. ಮುಂದೆ ನಿಂತವಳ ಹೆಸರು ಲೆಚ್ಚುಮಿ. ಬಿದ್ದವಳು ಅವಳ ಸೊಸೆ, ಮುಂಗೈ ಮುರಿದಿದೆ. ಚಹಾ ಕೀಳುವ ಕೈ. ಬಂಗಲೆಯ ಮ್ಯಾನೇಜರ್ ಗೇಟು ತೆಗೆಯಲೇ ಇಲ್ಲ. ನಮ್ಮಲ್ಲಿ ಯಾರ ಹತ್ತಿರವೂ ಅಂಥದ್ದಿಲ್ಲ, ಹೋಗಿ ಎಂದ. ನಾನು ಕಿಟಕಿಯ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಹೊರಗೆ ಹೋಗಲಿಲ್ಲ. ರೂಪೇಶ್ ಹಾಸಿಗೆ ಮೇಲೆ ಕೂತು, "ಹೋದ್ರಾ?" ಎಂದು ಪಿಸುಗುಟ್ಟುತ್ತಿದ್ದರು. ಅವರು ಹೋದ ಮೇಲೆ ಡ್ರೋನಿನ ಕಾರ್ಡ್ ತೆಗೆದು ಖಾಲಿ ಮಾಡಿ ನನಗೆ ತೋರಿಸಿದರು. ನಾನು ನಂಬಿದೆ. ಮರುದಿನವೇ ಜಾಗ ಖಾಲಿ ಮಾಡಿ ಈ ಊರಿಗೆ ಬಂದೆವು.

ನಿನ್ನೆ ನಿನ್ನ ಪತ್ರ ಓದಿ ಅವರ ಫೋನ್ ತೆಗೆದು ನೋಡಿದೆ. ಇತ್ತು. ನನ್ನ ನಗುವೂ ಇತ್ತು.

ಅಕ್ಕ, ಆ ನಗು ನನ್ನದೇ. ಆದರೆ ಅಲ್ಲಿಯದಲ್ಲ. ಬೀಚಿನಲ್ಲಿ ಚಪ್ಪಲಿ ಹೋದಾಗ ನಕ್ಕದ್ದು. ಅದನ್ನು ಕತ್ತರಿಸಿ ತಂದು ಆ ಹೆಂಗಸರ ಮೇಲೆ ಅಂಟಿಸಿದ್ದಾರೆ. ಅವಳು ಬೀಳುವ ಹೊತ್ತಿಗೆ ಸರಿಯಾಗಿ ನನ್ನ ನಗು ಜೋರಾಗುತ್ತದೆ.

ಕೇಳಿದೆ. ಅವರಿಗೆ ನಾಚಿಕೆಯೇ ಆಗಲಿಲ್ಲ. "ಡ್ರೋನ್‌ನಾಗ ಮೈಕ್ ಇರಲ್ಲ ಕಣೆ. ಸೌಂಡ್ ಇಲ್ದಿದ್ರ ವಿಡಿಯೊ ಸಪ್ಪೆ. ನಿನ್ನ ನಗು ಚೆನ್ನಾಗಿತ್ತು, ಹಾಕಿದೆ. ಏನಾತೀಗ?"

"ಅಳಿಸಿದೆ ಅಂದ್ರಿ."

"ಡ್ರೋನ್‌ನಾಗಿಂದು ಅಳಿಸೀನಿ. ಫೋನಿನದು ನೀ ಕೇಳ್ಲೇ ಇಲ್ಲ."

"ಯಾರಿಗೆಲ್ಲ ಕಳಿಸಿದ್ರಿ?"

"ನಾಲ್ಕು ಜನ ದೋಸ್ತರಿಗೆ. ಮ್ಯಾಲಿಂದ ನೋಡಿದ್ರ ಇರುವೆ ಇದ್ದಂಗ ಕಾಣ್ತಾರ. ಯಾರು ಯಾರಂತ ಯಾರಿಗೆ ಗೊತ್ತಾಗತ್ತ?"

"ಇರುವೆ ಕಂಡಿದ್ರೆ ಕೆಳಗೆ ಯಾಕೆ ಇಳಿಸಿದ್ರಿ?" ಎಂದೆ. ಊಟಕ್ಕೆ ಏನು ತರಿಸಲಿ ಎಂದು ಕೇಳಿದರು.

ಒಂದೇ ಕೋಣೆ, ಒಂದೇ ಹಾಸಿಗೆ. ನಾನು ಕುರ್ಚಿಯ ಮೇಲೆ ಕೂತಿದ್ದೇನೆ. ಅವರು ಮುಟ್ಟಿದ ಟವೆಲ್ ಮುಟ್ಟಲೂ ಆಗುತ್ತಿಲ್ಲ.

ನೀನು 'ಒಂದು ಅಂಗಡಿ' ಎಂದು ಬರೆದಿದ್ದೀಯ, 'ಇನ್ನೊಬ್ಬರು' ಎಂದು ಬರೆದಿದ್ದೀಯ. ಯಾವ ಅಂಗಡಿ, ಯಾರು ಎಂದು ನಾನು ಕೇಳುವುದಿಲ್ಲ. ನಿನಗೆ ಬರೆಯಬೇಕು ಅನ್ನಿಸಿದರೆ ಬರಿ.

ನಂಬುತ್ತೀಯಾ?

ಭಾರ್ಗವಿ


ಆಂಡರ್ಸನ್‌ಪೇಟೆ
18 ಜನವರಿ 2025

ಭಾರ್ಗವಿ,

ನಂಬಿದೆ. ಪತ್ರ ಓದಿದ ಮೇಲೆ ಬೀಚಿನ ವಿಡಿಯೊವನ್ನೂ ಅದನ್ನೂ ಅಮ್ಮನ ಕಿವಿಗೆ ಹಿಡಿದೆ, ಚಿತ್ರ ತೋರಿಸದೆ. ಎರಡರಲ್ಲೂ ಒಂದೇ ನಗು, ಒಂದೇ ಕಡೆ ಕೆಮ್ಮು ಬರುತ್ತದೆ ಅಂದಳು. ನಂಬಲು ನನಗೆ ಅದು ಬೇಕಿರಬಾರದಿತ್ತು. ಕ್ಷಮಿಸು.

ನೀನು ಕೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಅಂಗಡಿ ನಮ್ಮದು. ಟಿವಿ ನಮ್ಮದು. ನಿನ್ನ ನಗುವೇ ಎಂದು ಹೇಳಿದ ಆ ಇನ್ನೊಬ್ಬರು ನಿನ್ನ ಭಾವ. ಕನಕಮ್ಮನಿಗೂ ಅದು ಯಾರ ಅಂಗಡಿ ಎಂದು ಗೊತ್ತಿತ್ತು. ನನ್ನ ಮುಖ ನೋಡಿ 'ಒಂದು ಅಂಗಡಿ' ಅಂದರು. ನಾನೂ ನಿನಗೆ ಹಾಗೆಯೇ ಬರೆದೆ.

ನಿನ್ನೆ ಬಂಗಾರಪೇಟೆಗೆ ಹೋದೆ. ಹೇಳದೆ ಹೋದೆ. ಅಂಗಡಿಯ ಮುಂದೆ ಗಂಡಸರ ಗುಂಪು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಿಂತಿದ್ದರು. ಗೋಡೆಯ ತುಂಬ ಆ ಹುಡುಗಿ ಓಡುತ್ತಿದ್ದಾಳೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಿನ್ನ ಭಾವ ಒಬ್ಬನ ಫೋನಿಗೆ ಗಾಜು ಅಂಟಿಸುತ್ತಾ, ತಲೆ ಎತ್ತಿ ಎತ್ತಿ ನೋಡುತ್ತಾ ನಗುತ್ತಿದ್ದರು. ಜನ ಸರಿದು ದಾರಿ ಬಿಟ್ಟರು, ನಾನು ಗಿರಾಕಿ ಅಂದುಕೊಂಡಿರಬೇಕು. ಒಳಗೆ ಹೋಗಿ ಟಿವಿಯ ವೈರು ಕಿತ್ತೆ.

"ಏನಾಯ್ತು ನಿಂಗೆ?" ಎಂದರು. ಆಮೇಲೆ ಗುಂಪಿನ ಕಡೆ ತಿರುಗಿ ಏನೋ ಹೇಳಿದರು, ಎಲ್ಲರೂ ನಕ್ಕರು. ಏನೆಂದು ನನಗೆ ಕಾಣಲಿಲ್ಲ. ಮನೆಗೆ ಬಂದು ಕೇಳಿದ್ದಕ್ಕೆ, "ಎಲ್ಲಾರ್ ಫೋನಲ್ಲೂ ಐತೆ. ನಾನೊಬ್ನೇ ಆಕಿದ್ನಾ? ಜನ ನಿಂತ್ಕೊಂಡ್ರೆ ಯಾಪಾರ ಆಗ್ತದೆ" ಅಂದರು. ಹನ್ನೊಂದು ವರ್ಷದಿಂದ ಈ ಮನುಷ್ಯನ ತಟ್ಟೆ ತೊಳೆದಿದ್ದೇನೆ.

ಈಗ ನನ್ನ ಮಾತು ಕೇಳು. ಸುಮ್ಮನೆ ಬಂದುಬಿಡು. ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡ. ಪರದೇಶ, ನಿನ್ನನ್ನೂ ಹಿಡಿದು ಕೂರಿಸಿದರೆ ಬಿಡಿಸಲು ನಮಗೆ ಯಾರಿದ್ದಾರೆ? ಡ್ರೋನ್ ನಿನ್ನ ಪೆಟ್ಟಿಗೆಯಲ್ಲಿ ಬಂದದ್ದು ಎನ್ನುವುದನ್ನೂ ಮರೆಯಬೇಡ. ಅಮ್ಮನೂ ಅದನ್ನೇ ಹೇಳುತ್ತಾಳೆ, "ಗಂಡನ ಮಾನ ಓದ್ರೆ ಅವಳ್ದು ಉಳೀತದಾ? ಮನೇಗ್ ಬಂದು ಬೈಕೊಳ್ಲಿ" ಅಂತ. ನನಗೆ ಅಮ್ಮನ ಮಾತು ಹಿಡಿಸುವುದಿಲ್ಲ. ಆದರೂ ಈ ಒಂದು ವಿಷಯದಲ್ಲಿ ಕೇಳು. ಬಂದ ಮೇಲೆ ಏನು ಬೇಕಾದರೂ ಮಾಡೋಣ.

ಅಕ್ಕ


ಹಪುತಲೆ
21 ಜನವರಿ 2025

ಪ್ರೀತಿಯ ಅಕ್ಕ,

ನಿನ್ನ ಮಾತು ಕೇಳಲಿಲ್ಲ.

ಹತ್ತೊಂಬತ್ತರಂದು ಅವನು ಬೇರೆ ಟೂರಿಸ್ಟರ ಜೊತೆ ಜಲಪಾತ ನೋಡಲು ಹೋದ. ತಲೆನೋವು ಎಂದು ನಾನು ಉಳಿದೆ. ಡ್ರೋನನ್ನು ನನ್ನ ಬಟ್ಟೆಗಳ ನಡುವೆ ಇಟ್ಟು, ಸೂಟ್‌ಕೇಸ್ ಎಳೆದುಕೊಂಡು ಹಪುತಲೆ ರೈಲು ಹತ್ತಿದೆ. ಹೆದರಿಕೆ ಇತ್ತು. ಆದರೆ ಆ ಕೋಣೆಗೆ ಅವನು ವಾಪಸ್ ಬಂದು, ಬೂಟು ಬಿಚ್ಚಿ, ಏನೂ ಆಗದವನ ಹಾಗೆ ಹಾಸಿಗೆಯ ಮೇಲೆ ಕಾಲು ಚಾಚುವುದನ್ನು ಇನ್ನೊಂದು ಸಲ ನೋಡುವುದು ಅದಕ್ಕಿಂತ ಕಷ್ಟ ಅನ್ನಿಸಿತು.

ಲೈನಿನಲ್ಲಿ ಲೆಚ್ಚುಮಿಯ ಬಾಗಿಲು ಕೇಳಿಕೊಂಡು ಹೋದೆ. ಹೊಸ್ತಿಲ ಹೊರಗೇ ನಿಲ್ಲಿಸಿದಳು. ಸೊಸೆ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು, ಕೈಗೆ ಬಿಳಿ ಕಟ್ಟು. ನಾನು ತಮಿಳಿನಲ್ಲಿ ಮಾತಾಡಿದ್ದು ಕೇಳಿ ಅಕ್ಕಪಕ್ಕದ ಬಾಗಿಲುಗಳಿಂದಲೂ ಹೆಂಗಸರು ಬಂದರು. ಅವರು ಮೊದಲೇ ಪೊಲೀಸರ ಹತ್ತಿರ ಹೋಗಿದ್ದರಂತೆ. ಯಾರ ಡ್ರೋನು, ಎಲ್ಲಿದೆ, ಏನು ಸಾಕ್ಷಿ ಎಂದು ಕೇಳಿ ಕಳಿಸಿದ್ದರಂತೆ.

ಎಲ್ಲ ಹೇಳಿದೆ. ನನ್ನ ಗಂಡನದು ಎಂದೆ. ವಿಡಿಯೊ ನಮ್ಮ ಊರಿನ ತನಕ ಹೋಗಿದೆ, ಅಂಗಡಿಯಲ್ಲಿ ಹಾಕಿ ನೋಡಿದ್ದಾರೆ ಎಂದೆ. ಅದನ್ನು ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ನಾನೂ ಆ ಗುಂಪಿನಲ್ಲಿ ನಿಂತ ಹಾಗೆ.

ಆಮೇಲೆ, ಅದರಲ್ಲಿ ನನ್ನ ನಗುವೂ ಇದೆ ಎಂದೆ. "ಏನ್ ಸಿರಿಚ್ಚೇ?" ಎಂದು ಕೇಳಿದಳು ಲೆಚ್ಚುಮಿ. ಯಾಕೆ ನಕ್ಕೆ ಅಂತ. ಬೀಚು, ಚಪ್ಪಲಿ, ಅವನು ಬಿದ್ದದ್ದು, ಎಲ್ಲ ಹೇಳುತ್ತಾ ಹೋದೆ. ಹೇಳುತ್ತಿದ್ದ ಹಾಗೆ ಅದು ಎಷ್ಟು ಹೊಲಸಾಗಿ ಕೇಳಿಸಿತೆಂದರೆ ನಡುವೆ ನಿಲ್ಲಿಸಿಬಿಟ್ಟೆ.

ಅವಳು ಹೇಳಿದಳು: "ಅದು ಬೇರೆ ಕಡೆಯ ನಗು ಅಂತ ನಿನಗೆ ಗೊತ್ತು. ನೋಡುವವರಿಗೆ ಗೊತ್ತಾ? ಇದನ್ನ ನನ್ನ ಸೊಸೆಗೆ ಹೇಳಿ ನೀನು ಹಗುರ ಆಗಬೇಡ. ಪೊಲೀಸರಿಗೆ ಹೇಳು, ನಡಿ."

ಒಂದು ಲೋಟ ನೀರೂ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ನಿಂತಳು.

ಸ್ಟೇಷನ್ನಿನಲ್ಲಿ ತಮಿಳು ಬಲ್ಲ ಒಬ್ಬ ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಂಡ. ಡ್ರೋನ್ ಮೇಜಿನ ಮೇಲಿಟ್ಟೆ. ನನ್ನ ಪೆಟ್ಟಿಗೆಯಲ್ಲೇ ಬಂತು, ಅದು ನನಗೆ ಗೊತ್ತಿತ್ತು ಎಂದೂ ಬರೆಸಿದೆ. ಸಂಜೆಯ ಹೊತ್ತಿಗೆ ಅವನನ್ನು ಕರೆತಂದರು.

ಅಕ್ಕ, ಅವನು ಒಳಗೆ ಬಂದವನೇ ಸಾರ್ಜೆಂಟ್‌ಗೆ ಕೈ ಮುಗಿದ. ಸಾರಿ ಸರ್, ಸಾರಿ ಸರ್, ಗೊತ್ತಿರಲಿಲ್ಲ ಸರ್. ಕಾನ್‌ಸ್ಟೇಬಲ್‌ಗೂ ಕೈ ಮುಗಿದ. ಚಹಾ ತಂದವನಿಗೂ ಮುಗಿಯುತ್ತಿದ್ದನೇನೋ. ಲೆಚ್ಚುಮಿ ಅವನ ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ಒಂದು ಸಲವೂ ತಿರುಗಲಿಲ್ಲ. ಯಾರೋ ಕೆಲಸದವಳು ನಿಂತಿದ್ದಾಳೆ ಎಂಬಂತೆ ಇದ್ದ. ನನ್ನ ಮದುವೆ ಮುಗಿದದ್ದು ಅಲ್ಲಿ. ವಿಡಿಯೊ ನೋಡಿದಾಗಲೂ ಅಲ್ಲ, ನಗು ಕೇಳಿದಾಗಲೂ ಅಲ್ಲ.

ಆಮೇಲೆ ನನ್ನನ್ನು ನೋಡಿದ. "ನೀ ನನ್ನ ಹೆಂಡ್ತಿ ಹೌದೋ ಅಲ್ಲೋ? ಫ್ಯಾಕ್ಟರಿಗೆ ಗೊತ್ತಾದ್ರ ನನ್ನ ಗತಿ ಏನು?" ಎಂದು ಕೈ ಹಿಡಿಯಲು ಬಂದ. ಹಿಂದೆ ಸರಿದೆ. ಲೆಚ್ಚುಮಿ ಕಾನ್‌ಸ್ಟೇಬಲ್ ಹತ್ತಿರ ತಮಿಳಿನಲ್ಲಿ, ಇವನು ಹೆಂಡತಿಯನ್ನು ಹೆದರಿಸುತ್ತಿದ್ದಾನೆ, ದೂರ ಕೂರಿಸಿ ಎಂದಳು. "ಏನಂತಾಳ?" ಎಂದು ನನ್ನನ್ನೇ ಕೇಳಿದ. ಈ ಪ್ರವಾಸದುದ್ದಕ್ಕೂ ಅವನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದವಳು ನಾನೇ. ಇದನ್ನು ಹೇಳಲಿಲ್ಲ.

ಡ್ರೋನ್, ಅವನ ಫೋನು, ಪಾಸ್‌ಪೋರ್ಟು ಎಲ್ಲ ಅವರ ಹತ್ತಿರ ಇವೆ. ಕೋರ್ಟು ಮುಗಿಯುವ ತನಕ ಅವನು ಹೊರಡುವ ಹಾಗಿಲ್ಲ. ನನ್ನನ್ನು ನಿನ್ನೆ ಮತ್ತೆ ಕರೆದು ಕೇಳಿ, ಹೋಗಬಹುದು ಎಂದರು. ದಾವಣಗೆರೆಗೆ, ಅವನ ಅಣ್ಣನಿಗೆ, ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ವಕೀಲರನ್ನು ನೋಡಲು ಆತ ಬರುತ್ತಾನಂತೆ. ನನ್ನನ್ನು ಬಾಯಿಗೆ ಬಂದಂತೆ ಬೈದ. ಕೇಳಿಸಿಕೊಂಡೆ.

ಕ್ವಾರ್ಟರ್ಸಿಗೆ ನಾನು ಹೋಗುವುದಿಲ್ಲ. ಇಪ್ಪತ್ತೈದಕ್ಕೆ ಚೆನ್ನೈ ತನಕ ವಿಮಾನ, ಅಲ್ಲಿಂದ ಬಂಗಾರಪೇಟೆಗೆ ರೈಲು. ಆಮೇಲೆ ಎಲ್ಲಿಗೆ ಅಂತ ಗೊತ್ತಿಲ್ಲ. ಅಮ್ಮನ ಮನೆ ಇದೆ ಅಂತ ಅನ್ನುತ್ತೀಯ. ಆ ಮನೆಯಲ್ಲಿ ಭಾವನೂ ಇದ್ದಾರೆ. ಅವರು ಕೂತ ಕೋಣೆಯಲ್ಲಿ ನಾನು ಹೇಗೆ ಕೂರಲಿ? ಆ ನಗುವನ್ನು ಅವರು ಎಷ್ಟು ಸಲ ಕೇಳಿದ್ದಾರೋ. ಇನ್ನು ಮೇಲೆ ನಾನು ಅವರೆದುರು ನಕ್ಕರೆ ಅವರಿಗೆ ಏನು ನೆನಪಾಗುತ್ತದೆ ಎಂದು ಯೋಚಿಸಿದರೆ ಮೈಯೆಲ್ಲ ಹುಳ ಹರಿದ ಹಾಗಾಗುತ್ತದೆ.

ಭಾರ್ಗವಿ


ಆಂಡರ್ಸನ್‌ಪೇಟೆ
23 ಜನವರಿ 2025

ಪ್ರೀತಿಯ ಭಾರ್ಗವಿ,

ನನ್ನ ಮಾತು ಕೇಳದೆ ಇದ್ದದ್ದು ಒಳ್ಳೆಯದಾಯಿತು. ಬಾಯಿ ಬಿಡದೆ ಬಂದುಬಿಡು ಎಂಬ ಆ ಸಾಲು ನಾನು ಬರೆದದ್ದೇ ಎಂದು ಈಗ ಓದಿದರೆ ಅಸಹ್ಯವಾಗುತ್ತದೆ.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮೊದಲು ನಿನ್ನನ್ನು ಬೈದಳು. ಗಂಡನನ್ನು ಪೊಲೀಸರಿಗೆ ಹಿಡಿದುಕೊಟ್ಟವಳು ಎಂದು ಊರು ಏನಂದೀತು ಎಂದಳು. ಮಧ್ಯಾಹ್ನ ನನ್ನ ಹತ್ತಿರ ಬಂದು, "ಅದೇನದು ತೋರ್ಸು" ಎಂದಳು. ಇಷ್ಟು ದಿನ ಅವಳು ಅದನ್ನು ಕಣ್ಣಿಂದ ನೋಡಿರಲೇ ಇಲ್ಲ. ಬೇಡಮ್ಮ ಎಂದೆ. ಬಿಡಲಿಲ್ಲ. ಸದ್ದು ಬರದ ಹಾಗೆ ಮಾಡಿ ತೋರಿಸಿದೆ.

ನೋಡಿದಳು. ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿಸಿ, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅಷ್ಟರಲ್ಲಿ ನಿನ್ನ ಭಾವ ರಾಜ್‌ಕುಮಾರ್ ಊಟಕ್ಕೆ ಬಂದು ಚಾಪೆಯ ಮೇಲೆ ಕೂತಿದ್ದ. ಅಮ್ಮ ಅವನ ಎದುರಿಗೆ ನಿಂತುಕೊಂಡಳು. ಅವಳು ಯಾವತ್ತೂ ಅಳಿಯನ ಎದುರಿಗೆ ನಿಂತು ಮಾತಾಡಿದವಳಲ್ಲ. ನಿಧಾನವಾಗಿ ಹೇಳಿದಳು, ನಾನು ಒಂದಕ್ಷರ ಬಿಡದೆ ಓದಿಕೊಂಡೆ.

"ನಾವು ಲೈನ್ ಮನೇಲಿದ್ದಾಗ ಬಚ್ಲು ಇರ್ಲಿಲ್ಲ ಕಣಪ್ಪ. ನಾಕು ಕಡ್ಡಿ ನೆಟ್ಟು ಸುತ್ತ ಸೀರೆ ಕಟ್ಕಂಡು ನೀರು ಉಯ್ಕೊಂತಿದ್ವಿ. ನಾನೂ, ಈ ನಿನ್ ಎಂಡ್ತೀನೂ, ಚಿಕ್ಕೋಳೂ. ನಾಕು ಕಡೇನೂ ನೋಡ್ಕಂತಿದ್ವಿ ಯಾರಾದ್ರೂ ಬತ್ತಾರಾ ಅಂತ. ಮ್ಯಾಲಕ್ಕೆ ಯಾವತ್ತೂ ನೋಡ್ಲಿಲ್ಲ. ಮ್ಯಾಲೆ ದ್ಯಾವ್ರು ಅವ್ನೆ ಅಂದ್ಕಂಡಿದ್ವಿ."

ಅವನು ತಲೆ ತಗ್ಗಿಸಿ, "ತಪ್ಪಾಯ್ತು ಅತ್ತೆ, ಎಲ್ಲಾ ಅಳಿಸ್ಬುಟ್ಟಿದ್ದೀನಿ" ಎಂದ.

"ನೋಡ್ದೋರ ಕಣ್ಣಿಂದ ಅಳಿಸ್ಬುಡು ಓಗು" ಎಂದಳು ಅಮ್ಮ. ಆಮೇಲೆ, "ಭಾರ್ಗವಿ ಬತ್ತಾಳೆ. ಒಳ್ಗಿನ ಕ್ವಾಣೆ ಅವಳ್ದು. ನಿನ್ ಬಟ್ಟೆ ಬರೆ ತಗೊಂಡು ವರಾಂಡಕ್ಕೆ ಆಕ್ಕೊ. ಅವಳು ಇರೋ ಗಂಟ ಒಳಕ್ಕೆ ಕಾಲಿಕ್ಬೇಡ" ಎಂದಳು. ಮನೆ ಅಮ್ಮನದು, ಅವನು ಮನೆಯಳಿಯ. ಸಂಜೆಗೆ ಕೋಣೆ ಖಾಲಿಯಾಯಿತು. ನೆಲವನ್ನು ನಾನೇ ತೊಳೆದೆ.

ಅವನು ಬದಲಾದನೇ ಎಂದು ಕೇಳಬೇಡ. ನನಗೆ ಗೊತ್ತಿಲ್ಲ. ಅತ್ತೆಯ ಬಾಯಿಗೆ ಹೆದರಿದ್ದಾನೆ, ಅಷ್ಟು ಕಾಣುತ್ತದೆ. ಟಿವಿಯಲ್ಲಿ ಈಗ ಹಕ್ಕಿಗಳನ್ನು ತೋರಿಸುತ್ತಿದ್ದಾನಂತೆ. ಕನಕಮ್ಮ ನಿನ್ನೆ ಬಂದು ತಮ್ಮ ಬಟ್ಟೆಯನ್ನು ಹೊಲಿಸದೆಯೇ ವಾಪಸ್ ತೆಗೆದುಕೊಂಡು ಹೋದರು. ನಾನು ತಡೆಯಲಿಲ್ಲ.

ಒಂದೇ ಸೂರಿನ ಕೆಳಗೆ ಇದ್ದೇವೆ. ಎರಡು ಹೊತ್ತು ಬಡಿಸುತ್ತೇನೆ. ತಟ್ಟೆಯನ್ನು ಅವನ ಕೈಗೆ ಕೊಡುವುದಿಲ್ಲ, ವರಾಂಡದ ನೆಲದ ಮೇಲಿಟ್ಟು ಒಳಗೆ ಬರುತ್ತೇನೆ. ಅವನು ಎತ್ತಿಕೊಂಡು ತಿನ್ನುತ್ತಾನೆ. ಎಷ್ಟು ದಿನ ಹೀಗೆ, ಆಮೇಲೆ ಏನು, ಒಂದೂ ನನಗೆ ತಿಳಿಯದು. ನೀನು ತೀರ್ಮಾನ ಮಾಡಿಬಿಟ್ಟೆ. ನಾನಿನ್ನೂ ತಟ್ಟೆ ಇಟ್ಟು ಬರುತ್ತಿದ್ದೇನೆ.

ನೀನು ಬಾ.

ಅಕ್ಕ